ಮೊದಲು ಬಂದವರು ಯಾರ ಜೊತೆ ಬಂದರು?

2004ರ ಏಪ್ರಿಲ್ 1ರಂದು ಗೂಗಲ್ ಜಿಮೇಲನ್ನು ಹೊರಬಿಟ್ಟಾಗ ಅದು ಕೇಳಿದವರಿಗೆಲ್ಲ ಸಿಗುತ್ತಿರಲಿಲ್ಲ. ಒಳಗಿದ್ದವರು ಕರೆದರೆ ಮಾತ್ರ ಪ್ರವೇಶ. ಆ ಕರೆಗೆ ಎಂಥ ಬೇಡಿಕೆ ಬಂತೆಂದರೆ ಜನ ಅದನ್ನು ಇಬೇಯಲ್ಲಿಟ್ಟು ದುಡ್ಡಿಗೆ ಮಾರಿದರು. ಐದು ವರ್ಷ ಕಳೆದು, 2009ರ ಸೆಪ್ಟೆಂಬರ್ 30ರಂದು, ಅದೇ ಗೂಗಲ್ ಅದೇ ಉಪಾಯವನ್ನು ‘ವೇವ್’ ಎಂಬ ಹೊಸ ಸಾಧನಕ್ಕೂ ಹೂಡಿತು. ಸುಮಾರು ಒಂದು ಲಕ್ಷ ಆಹ್ವಾನಗಳು ಹೊರಟವು. ಮತ್ತೆ ಅದೇ ನೂಕುನುಗ್ಗಲು. ಆದರೆ ವರ್ಷ ತುಂಬುವ ಮೊದಲೇ, 2010ರ ಆಗಸ್ಟ್‌ನಲ್ಲಿ, ವೇವ್ ಕೆಲಸವನ್ನು ನಿಲ್ಲಿಸುತ್ತೇವೆ ಎಂದು ಗೂಗಲ್ ಹೇಳಿತು.

ವೇವ್ ಸೋತದ್ದಕ್ಕೆ ಕಾರಣ ಒಂದೇ ಅಲ್ಲ. ಅದು ಏನು ಮಾಡುತ್ತದೆ ಎಂಬುದನ್ನು ವಿವರಿಸುವುದಕ್ಕೇ ಬೆವರು ಬರುತ್ತಿತ್ತು. ಆದರೂ ಎರಡರ ನಡುವಿನ ಒಂದು ವ್ಯತ್ಯಾಸ ನನಗೆ ಮುಖ್ಯವಾಗಿ ಕಾಣುತ್ತದೆ. ಜಿಮೇಲ್ ಸಿಕ್ಕವನು ಅವತ್ತೇ ಯಾಹೂ ವಿಳಾಸದ ಅಣ್ಣನಿಗೂ ಹಾಟ್‌ಮೇಲ್ ವಿಳಾಸದ ಗೆಳತಿಗೂ ಪತ್ರ ಬರೆಯಬಹುದಿತ್ತು. ವೇವ್ ಸಿಕ್ಕವನು ಒಳಗೆ ಹೋಗಿ ನೋಡಿದರೆ ಅವನ ಆಫೀಸಿನ ಇನ್ನೊಬ್ಬ ಅಲ್ಲಿರಲಿಲ್ಲ. ಒಟ್ಟಿಗೆ ಕೂತು ಕೆಲಸ ಮಾಡುವುದಕ್ಕೆಂದೇ ಕಟ್ಟಿದ್ದನ್ನು, ಒಬ್ಬರಿಗೊಬ್ಬರು ಗುರುತಿಲ್ಲದ ಲಕ್ಷ ಜನರಿಗೆ ಬಿಡಿಬಿಡಿಯಾಗಿ ಹಂಚಿದ್ದರು. ಅವರಲ್ಲಿ ಹೆಚ್ಚಿನವರು ಎರಡು ದಿನ ಗುಂಡಿ ಒತ್ತಿ ನೋಡಿ ಎದ್ದುಹೋದರು.

ಹೊಸ ‘ಸೋಶಿಯಲ್ ಬ್ರೌಸಿಂಗ್’ ಆ್ಯಪ್ ಕಟ್ಟುತ್ತಿರುವ ಹುಡುಗರು ಮೊದಲ ಪರೀಕ್ಷಕರನ್ನು ಹುಡುಕುವ ರೀತಿ ನೋಡಿದಾಗಲೆಲ್ಲ ಈ ಎರಡು ಆಹ್ವಾನಗಳು ನೆನಪಾಗುತ್ತವೆ. ಸೋಶಿಯಲ್ ಬ್ರೌಸಿಂಗ್ ಆ್ಯಪ್ ಎಂದರೆ ಜಾಲತಾಣಗಳನ್ನು ಜೊತೆಗೂಡಿ ನೋಡುವ ಸಾಧನ: ನನ್ನ ಸ್ನೇಹಿತೆ ಏನು ಓದುತ್ತಿದ್ದಾಳೆ ಎಂದು ನಾನು ನೋಡಬಹುದು, ಆಕೆ ಪುಟದ ಅಂಚಿನಲ್ಲಿ ಬರೆದ ಟಿಪ್ಪಣಿಗೆ ಉತ್ತರ ಬರೆಯಬಹುದು, ಬೇಕಾದರೆ ಇಬ್ಬರೂ ಒಂದೇ ಪುಟವನ್ನು ಒಂದೇ ಹೊತ್ತಿಗೆ ತಿರುವಬಹುದು. ಕಟ್ಟಿದವರು ಮಾಡುವುದು ಬಹುತೇಕ ಒಂದೇ ಕೆಲಸ. ಒಂದು ಕಾಯುವ ಪಟ್ಟಿ ತೆರೆಯುತ್ತಾರೆ, ಗೊತ್ತಿರುವ ಗುಂಪುಗಳಿಗೆಲ್ಲ ಲಿಂಕ್ ಎಸೆಯುತ್ತಾರೆ, ಪಟ್ಟಿ ಐದುನೂರು ದಾಟಿತು, ಸಾವಿರ ದಾಟಿತು ಎಂದು ಎಣಿಸುತ್ತಾರೆ. ನನ್ನ ವಾದ ಇಷ್ಟೇ: ಇಂಥ ಆ್ಯಪಿಗೆ ಪರೀಕ್ಷಕ ಎಂದರೆ ಒಬ್ಬ ಮನುಷ್ಯನಲ್ಲ, ಒಂದು ಬಳಗ. ಆ್ಯಪ್ ಹುಟ್ಟುವ ಮೊದಲೇ ಜೊತೆಗೂಡಿ ಏನನ್ನೋ ಓದುತ್ತಿದ್ದ ಬಳಗ. ಅದು ಸಿಗುವವರೆಗೆ ಪಟ್ಟಿಯ ಉದ್ದದಿಂದ ತಿಳಿಯುವುದು ಏನೂ ಇಲ್ಲ.

ಈ ಕನಸು ಹೊಸದಲ್ಲ. ವೆಬ್ಬಿನಷ್ಟೇ ಹಳೆಯದು. 1993ರ ಮೊಸಾಯಿಕ್ ಬ್ರೌಸರಿನಲ್ಲೇ ಪುಟಗಳಿಗೆ ಟಿಪ್ಪಣಿ ಹಚ್ಚುವ ಸೌಲಭ್ಯ ಇತ್ತು; ಗುಂಪಾಗಿ ಹಚ್ಚುವ ಯೋಚನೆಯೂ ಇದ್ದು ಮುಂದೆ ಕೈಬಿಟ್ಟುಹೋಯಿತು. 1994ರ ಹೊತ್ತಿಗೆ ಇಸ್ರೇಲಿನ ಯುಬಿಕ್ ಎಂಬ ಕಂಪನಿ ‘ವರ್ಚುವಲ್ ಪ್ಲೇಸಸ್’ ಮಾಡಿತು. ಒಂದೇ ಜಾಲಪುಟದ ಮೇಲೆ ಇರುವವರೆಲ್ಲ ಪುಟ್ಟ ಪುಟ್ಟ ಚಿತ್ರಗಳಾಗಿ ಕಾಣಿಸಿಕೊಂಡು ಹರಟೆ ಹೊಡೆಯಬಹುದಿತ್ತು. 1999ರಲ್ಲಿ ‘ಥರ್ಡ್ ವಾಯ್ಸ್’ ಬಂತು, ಯಾವ ತಾಣದ ಮೇಲಾದರೂ ಚೀಟಿ ಅಂಟಿಸುವ ಸಾಧನ. ತಾಣಗಳ ಒಡೆಯರು ನಮ್ಮ ಗೋಡೆಯ ಮೇಲೆ ಗೀಚಲು ನೀವು ಯಾರು ಎಂದು ತಿರುಗಿಬಿದ್ದರು. 2001ರಲ್ಲಿ ಅದು ಮುಚ್ಚಿತು. 2005ರಲ್ಲಿ ‘ಫ್ಲಾಕ್’, 2009ರಲ್ಲಿ ಗೂಗಲ್ಲಿನ ‘ಸೈಡ್‌ವಿಕಿ’, 2010ರಲ್ಲಿ ‘ರಾಕ್‌ಮೆಲ್ಟ್’. ರಾಕ್‌ಮೆಲ್ಟಿಗೆ ಹಣ ಹಾಕಿದವರಲ್ಲಿ ಮೊಸಾಯಿಕ್ ಕಟ್ಟಿದ ಮಾರ್ಕ್ ಆಂಡ್ರೀಸನ್ ಕೂಡ ಇದ್ದರು, ಅಂದರೆ ಹಳೇ ಕನಸಿಗೇ ಎರಡನೇ ಸಲ ದುಡ್ಡು. ಅದಕ್ಕೂ ಆಹ್ವಾನ ಬೇಕಿತ್ತು, ಫೇಸ್‌ಬುಕ್ ಖಾತೆಯೂ ಬೇಕಿತ್ತು. 2013ರಲ್ಲಿ ಯಾಹೂ ಅದನ್ನು ಕೊಂಡು ಮುಗಿಸಿತು. ಫ್ಲಾಕ್, ಸೈಡ್‌ವಿಕಿ ಎರಡೂ 2011ರಲ್ಲೇ ಕಣ್ಮುಚ್ಚಿದ್ದವು.

ನಮ್ಮ ಬೆಂಗಳೂರಿನಲ್ಲೂ ಒಂದು ಪ್ರಯತ್ನ ನಡೆಯಿತು. ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 2010ರ ಜುಲೈನಲ್ಲಿ ‘ಎಪಿಕ್’ ಬ್ರೌಸರನ್ನು ಬಿಡುಗಡೆ ಮಾಡಿತು. ಫೈರ್‌ಫಾಕ್ಸಿನ ಮೇಲೆ ಕಟ್ಟಿದ್ದು. ಪಕ್ಕದ ಪಟ್ಟಿಯಲ್ಲಿ ಆರ್ಕುಟ್, ಫೇಸ್‌ಬುಕ್, ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಕರ್ಯ, ವೈರಸ್ ತಡೆ, ಇನ್ನೂ ಏನೇನೋ. ದೇಶದ ಎಲ್ಲರಿಗೂ ಎಲ್ಲವನ್ನೂ ಕೊಡುವ ಉಮೇದು. ಮೂರು ವರ್ಷಗಳ ಮೇಲೆ ಅದು ರೂಪ ಬದಲಿಸಿತು. ಯಾರೂ ಹಿಂಬಾಲಿಸದಂತೆ ಖಾಸಗಿಯಾಗಿ ಓದುವ ಬ್ರೌಸರ್ ಆಯಿತು. ‘ಜೊತೆಗೆ’ ಎಂದು ಹೊರಟಿದ್ದು ‘ಒಬ್ಬರೇ’ ಎಂಬಲ್ಲಿಗೆ ಬಂದು ನಿಂತಿತು, ಮತ್ತು ಅಲ್ಲಿಯೇ ಅದಕ್ಕೆ ನೆಲೆ ಸಿಕ್ಕಿತು.

ಇಷ್ಟು ಶವಗಳನ್ನು ಸಾಲಾಗಿ ಮಲಗಿಸಿ ನೋಡುವವರು ‘ಜನಕ್ಕೆ ಒಟ್ಟಿಗೆ ಓದುವುದು ಬೇಕಾಗಿಯೇ ಇಲ್ಲ’ ಎಂದು ತೀರ್ಮಾನಿಸಬಹುದು. ಹಾಗೆನ್ನುವ ಮುನ್ನ ಉಳಿದುಕೊಂಡ ಎರಡನ್ನು ನೋಡಬೇಕು. ಒಂದು ‘ಜೀನಿಯಸ್’. 2009ರಲ್ಲಿ ರ್‍ಯಾಪ್ ಹಾಡುಗಳ ಸಾಲುಗಳಿಗೆ ಅರ್ಥ ಬರೆಯುವ ತಾಣವಾಗಿ ಶುರುವಾದದ್ದು. ಅದಕ್ಕೆ ಮೊದಲು ಬಂದವರು ‘ಹೊಸ ಆ್ಯಪ್ ಏನಿದೆ ನೋಡೋಣ’ ಎಂದು ಬಂದವರಲ್ಲ. ಒಂದು ಸಾಲಿನ ಅರ್ಥಕ್ಕಾಗಿ ಬೆಳಗಿನ ಜಾವದವರೆಗೆ ಜಗಳವಾಡಬಲ್ಲ ಹಾಡಿನ ಹುಚ್ಚರು. ಆ ಜಗಳ ಮೊದಲೇ ಇತ್ತು, ತಾಣ ಅದಕ್ಕೊಂದು ಜಾಗ ಕೊಟ್ಟಿತು. ಮುಂದೆ ಅದೇ ಕಂಪನಿ ಇಡೀ ವೆಬ್ಬಿಗೆ ಟಿಪ್ಪಣಿ ಹಚ್ಚುತ್ತೇವೆ ಎಂದು ಹೊರಟಾಗ ಹಳೆಯ ಆಕ್ಷೇಪವೇ ಎದುರಾಯಿತು: ಕೇಳದವರ ಬರಹದ ಮೇಲೆ ಗೀಚುವುದು ಯಾವ ನ್ಯಾಯ?

ಇನ್ನೊಂದು ‘ಹೈಪಾಥಿಸಿಸ್’, 2011ರಲ್ಲಿ ಲಾಭದ ಗುರಿಯಿಲ್ಲದೆ ಶುರುವಾದ ಸಂಸ್ಥೆ. ಅವರ ಕನಸೂ ಇಡೀ ವೆಬ್ಬೇ ಆಗಿತ್ತು. ಆದರೆ ಅದು ಬೇರು ಬಿಟ್ಟದ್ದು ಕಾಲೇಜು ತರಗತಿಗಳಲ್ಲಿ. ಯಾಕೆ ಎಂಬುದಕ್ಕೆ ದೊಡ್ಡ ಸಿದ್ಧಾಂತ ಬೇಕಿಲ್ಲ. ತರಗತಿಯಲ್ಲಿ ಮೂವತ್ತು ಜನ ಒಂದೇ ವಾರ ಒಂದೇ ಲೇಖನ ಓದಲೇಬೇಕು. ಯಾರಿಗೆ ಯಾವ ಪ್ಯಾರಾ ಅರ್ಥವಾಗಲಿಲ್ಲ ಎಂಬುದು ಉಳಿದವರಿಗೂ ಬೇಕು, ಮೇಷ್ಟ್ರಿಗಂತೂ ಬೇಕೇ ಬೇಕು. ಬಳಗ, ಪಠ್ಯ, ಗಡುವು ಮೂರೂ ಮೊದಲೇ ಅಲ್ಲಿದ್ದವು. ಸೈಡ್‌ವಿಕಿಯ ಬೆನ್ನ ಹಿಂದೆ ಗೂಗಲ್ ಇತ್ತು, ಈ ಮೂರೂ ಇರಲಿಲ್ಲ.

ಪರೀಕ್ಷೆಯ ಶಾಸ್ತ್ರ ಓದಿಕೊಂಡವರು ಇಲ್ಲಿ ಒಂದು ಮಾತು ತೆಗೆಯುತ್ತಾರೆ. ಬಳಕೆಯ ತೊಡಕುಗಳ ಬಗ್ಗೆ ಬಹಳ ಬರೆದ ಜೇಕಬ್ ನೀಲ್ಸನ್ 2000ದಲ್ಲಿ ಒಂದು ಲೆಕ್ಕ ಮುಂದಿಟ್ಟರು: ಐದು ಮಂದಿಯನ್ನು ಕೂರಿಸಿ ನೋಡಿದರೆ ಸಾಕು, ಸುಮಾರು ಶೇ 85ರಷ್ಟು ತೊಡಕುಗಳು ಕಣ್ಣಿಗೆ ಬೀಳುತ್ತವೆ. ಗುಂಡಿ ಎಲ್ಲಿದೆ, ಅಕ್ಷರ ಕಾಣುತ್ತದೆಯೇ, ಹಿಂದಕ್ಕೆ ಹೋಗುವ ದಾರಿ ತಿಳಿಯುತ್ತದೆಯೇ ಎಂಬಂಥ ಪ್ರಶ್ನೆಗಳಿಗೆ ಈ ಮಾತು ಇವತ್ತಿಗೂ ಒಳ್ಳೆಯದೇ. ಸೋಶಿಯಲ್ ಆ್ಯಪಿನ ಪ್ರಶ್ನೆ ಬೇರೆ. ಇಬ್ಬರ ನಡುವೆ ಏನಾದರೂ ನಡೆಯುತ್ತದೆಯೇ ಎಂಬುದನ್ನು ಒಬ್ಬನನ್ನು ಕೂರಿಸಿ ನೋಡಲಾಗದು. ಪರಿಚಯವಿಲ್ಲದ ಐದು ಜನರನ್ನು ಒಟ್ಟಿಗೆ ಕೂರಿಸಿದರೆ ಕಾಣುವುದು ಸಂಕೋಚ ಮಾತ್ರ. ನೀಲ್ಸನ್ನರ ಐವರು ಬೇಕು, ಆದರೆ ಅವರು ಒಬ್ಬರ ತಮಾಷೆಗೆ ಇನ್ನೊಬ್ಬರು ಮೊದಲಿನಿಂದಲೂ ನಗುತ್ತಿದ್ದ ಐವರಾಗಿರಬೇಕು.

ಪರೀಕ್ಷಕರನ್ನು ತಲೆ ಎಣಿಕೆಗೆ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಕಣ್ಣೆದುರೇ ಇದೆ. 2023ರ ನವೆಂಬರ್ 13ರ ನಂತರ ಪ್ಲೇ ಸ್ಟೋರಿನಲ್ಲಿ ವೈಯಕ್ತಿಕ ಖಾತೆ ತೆರೆದವರು ಆ್ಯಪನ್ನು ಎಲ್ಲರಿಗೂ ಬಿಡುವ ಮೊದಲು ಇಪ್ಪತ್ತು ಪರೀಕ್ಷಕರನ್ನು ಸತತ 14 ದಿನ ಇಟ್ಟುಕೊಂಡಿರಬೇಕು ಎಂದು ಗೂಗಲ್ ನಿಯಮ ಮಾಡಿತು. 2024ರ ಡಿಸೆಂಬರಿನಲ್ಲಿ ಇಪ್ಪತ್ತನ್ನು ಹನ್ನೆರಡಕ್ಕೆ ಇಳಿಸಿತು. ಉದ್ದೇಶ ಸರಿಯಾದದ್ದೇ: ಕಸದಂಥ ಆ್ಯಪುಗಳು ಅಂಗಡಿಗೆ ಬಂದು ಬೀಳದಿರಲಿ. ಆದರೆ ಒಬ್ಬನೇ ಕೂತು ಆ್ಯಪ್ ಮಾಡುವ ಹುಡುಗ ಹನ್ನೆರಡು ಜನರನ್ನು ಎಲ್ಲಿಂದ ತಂದಾನು? ಕೊಡು-ಕೊಳ್ಳುವ ಸಂತೆಯೇ ಹುಟ್ಟಿಕೊಂಡಿತು. ನಿನ್ನದನ್ನು ನಾನು ಹಾಕಿಕೊಳ್ಳುತ್ತೇನೆ, ನನ್ನದನ್ನು ನೀನು ಹಾಕಿಕೋ. ದಿನಕ್ಕೊಮ್ಮೆ ತೆರೆದು ಮುಚ್ಚು, ಹದಿನಾಲ್ಕನೇ ದಿನ ಕಿತ್ತುಹಾಕು. ದುಡ್ಡು ಕೊಟ್ಟರೆ ಪರೀಕ್ಷಕರನ್ನು ‘ಒದಗಿಸುವ’ವರೂ ಬಂದರು. ದಾಖಲೆಯ ಪ್ರಕಾರ ಪರೀಕ್ಷೆ ನಡೆದಿರುತ್ತದೆ. ಲೆಕ್ಕದ ಆ್ಯಪ್, ಪಂಚಾಂಗದ ಆ್ಯಪಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಜೊತೆಗೆ ಓದುವ ಆ್ಯಪಿಗೆ ಇದು ನಷ್ಟಕ್ಕಿಂತ ಕೆಟ್ಟದ್ದು, ಸುಳ್ಳು ಸಮಾಧಾನ. ಹನ್ನೆರಡು ಖಾತೆಗಳಿವೆ, ಒಂದೂ ಸಂಬಂಧ ಇಲ್ಲ.

ಮೊದಲು ಬರುವವರು ದೋಷಗಳನ್ನಷ್ಟೇ ಹುಡುಕಿಕೊಡುವುದಿಲ್ಲ, ಮನೆಯ ರೀತಿರಿವಾಜನ್ನೂ ನಿರ್ಧರಿಸಿಬಿಡುತ್ತಾರೆ. 2019ರ ಫೆಬ್ರುವರಿಯಲ್ಲಿ ಅಮೆರಿಕದ ಗ್ಯಾಬ್ ಸಂಸ್ಥೆ ‘ಡಿಸೆಂಟರ್’ ಬಿಟ್ಟಿತು. ಯಾವ ತಾಣದ ಮೇಲಾದರೂ ಅಭಿಪ್ರಾಯ ಬರೆಯುವ ಸಾಧನ, ತಾಂತ್ರಿಕವಾಗಿ ಥರ್ಡ್ ವಾಯ್ಸಿನ ಮೊಮ್ಮಗ. ಅದಕ್ಕೆ ಮೊದಲು ಬಂದವರು ಬೇರೆಡೆಯ ಕಟ್ಟುಪಾಡಿಗೆ ಸಿಟ್ಟಾಗಿ ಬಂದವರು, ಹಲವರು ಬೇರೆ ತಾಣಗಳಿಂದ ಹೊರಹಾಕಿಸಿಕೊಂಡವರು. ಎರಡೇ ತಿಂಗಳಲ್ಲಿ ಮೊಜಿಲ್ಲಾ, ಗೂಗಲ್ ಎರಡೂ ತಮ್ಮ ಅಂಗಡಿಗಳಿಂದ ಅದನ್ನು ತೆಗೆದವು. ಹೈಪಾಥಿಸಿಸ್ ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ. ಬಾಗಿಲು ದಾಟಿದ ಮೊದಲ ಗುಂಪು ಬೇರೆ, ಅಷ್ಟೇ.

ನಮ್ಮ ‘ಕೂ’ ಕೂಡ ಇಲ್ಲಿ ನೆನಪಾಗುತ್ತದೆ. ಅದು ಬ್ರೌಸರಲ್ಲ, ಕಿರುಬರಹದ ತಾಣ. ಆದರೆ 2020ರಲ್ಲಿ ಕನ್ನಡದಲ್ಲೇ ಮೊದಲು ಶುರುವಾಗಿತ್ತು, ಆ ಆಯ್ಕೆಯಲ್ಲಿ ಬುದ್ಧಿವಂತಿಕೆ ಇತ್ತು. ಒಂದು ಭಾಷೆಯವರು ತಮ್ಮಲ್ಲೇ ಮಾತಾಡಿಕೊಳ್ಳುವ ಒತ್ತಾದ ಜಾಗ. ಆಮೇಲೆ 2021ರ ಫೆಬ್ರುವರಿ ಬಂತು. ರೈತ ಚಳವಳಿಯ ಹೊತ್ತಿನಲ್ಲಿ ಕೇಂದ್ರ ಸರ್ಕಾರಕ್ಕೂ ಟ್ವಿಟರಿಗೂ ಜಗಳ ಹತ್ತಿ, ಸಚಿವರು, ಇಲಾಖೆಗಳು, ಅವರ ಹಿಂದೆ ಬೆಂಬಲಿಗರು ದಂಡುದಂಡಾಗಿ ‘ಕೂ’ಗೆ ಬಂದರು. ಸಂಖ್ಯೆ ಏರಿದ್ದು ಕಟ್ಟಿದವರಿಗೆ ಸಂತೋಷವನ್ನೇ ಕೊಟ್ಟಿರಬೇಕು. 2024ರ ಜುಲೈನಲ್ಲಿ ಮುಚ್ಚುವಾಗ ಸ್ಥಾಪಕರು ಹೇಳಿದ ಕಾರಣ ಬೇರೆ: ಕೈಜೋಡಿಸಲು ದೊಡ್ಡ ಕಂಪನಿಗಳ ಜೊತೆ ನಡೆದ ಮಾತುಕತೆ ಫಲಿಸಲಿಲ್ಲ, ತಂತ್ರಜ್ಞಾನದ ಖರ್ಚು ಹೆಚ್ಚು. ಅದನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ. ಆದರೆ ಬೇರೆಯವರ ಮನೆಯ ಜಗಳದಿಂದ ಸಿಟ್ಟಾಗಿ ಬಂದ ಅತಿಥಿಗಳು ಆ ಜಗಳ ಆರಿದ ಮೇಲೆ ಉಳಿಯುವುದು ಕಡಿಮೆ ಎಂಬುದು ನನ್ನ ಅನಿಸಿಕೆ. ಕನ್ನಡದ ಮೊದಲ ಬಳಗವನ್ನೇ ಇನ್ನೆರಡು ವರ್ಷ ಗಟ್ಟಿ ಮಾಡಿದ್ದರೆ ಏನಾಗುತ್ತಿತ್ತೋ, ಹೂಡಿಕೆದಾರರಿಗೆ ಅಷ್ಟು ತಾಳ್ಮೆ ಎಲ್ಲಿರುತ್ತದೆ.

ಹಾಗಾದರೆ ಬಳಗ ಎಲ್ಲಿ ಸಿಗುತ್ತದೆ? ಜನ ಈಗಾಗಲೇ ಹೇಗೆ ಜೊತೆಗೂಡಿ ಓದುತ್ತಿದ್ದಾರೆ ಎಂಬುದನ್ನು ನೋಡಬೇಕು. ಧಾರವಾಡದ ಸಪ್ತಾಪುರವನ್ನೋ ಬೆಂಗಳೂರಿನ ವಿಜಯನಗರವನ್ನೋ ತೆಗೆದುಕೊಳ್ಳಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವ ಹುಡುಗ ಹುಡುಗಿಯರು ಊರಿಂದ ಬಂದು ರೂಮು ಹಿಡಿದಿರುವ ಜಾಗಗಳು. ಕೆಪಿಎಸ್‌ಸಿಯದೋ ಕೆಇಎಯದೋ ಒಂದು ಅಧಿಸೂಚನೆ ಬಂದರೆ ನಲವತ್ತು ಪುಟದ ಪಿಡಿಎಫ್. ಒಬ್ಬ ಅದನ್ನು ಮೊಬೈಲಿನಲ್ಲಿ ತೆರೆದು, ಎರಡು ಬೆರಳಲ್ಲಿ ಹಿಗ್ಗಿಸಿ, ವಯೋಮಿತಿಯ ಸಾಲು ಹುಡುಕುತ್ತಾನೆ. ಅದರ ಸ್ಕ್ರೀನ್‌ಶಾಟ್ ತೆಗೆದು ಕೆಂಪು ಗೆರೆಯಿಂದ ಸುತ್ತು ಹಾಕಿ ವಾಟ್ಸ್ಯಾಪ್ ಗುಂಪಿಗೆ ಬಿಡುತ್ತಾನೆ: ‘2ಎದವರಿಗೆ ಇದೇ ಏನ್ರಪಾ?’ ಇನ್ನೊಬ್ಬಳು ಹದಿನೇಳನೇ ಪುಟದ ಟಿಪ್ಪಣಿಯ ಸ್ಕ್ರೀನ್‌ಶಾಟ್ ಹಾಕಿ ತಿದ್ದುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಆ ಎರಡು ಚಿತ್ರಗಳು ನೂರಿಪ್ಪತ್ತು ಸಂದೇಶಗಳ ಅಡಿ ಹೂತುಹೋಗಿರುತ್ತವೆ. ಸಂಜೆ ಮೂರನೆಯವನು ಬಂದು ಅದೇ ಪ್ರಶ್ನೆ ಕೇಳುತ್ತಾನೆ.

ಆ ಕೆಂಪು ಸುತ್ತೇ ನಮ್ಮ ಸೋಶಿಯಲ್ ಬ್ರೌಸಿಂಗ್. ರಾಕ್‌ಮೆಲ್ಟಿನವರು ಕೋಟಿಗಟ್ಟಲೆ ಸುರಿದು ಹುಡುಕಿದ ವರ್ತನೆ ಇಲ್ಲಿ ಪುಕ್ಕಟೆಯಾಗಿ, ದಿನವೂ, ತೊಡಕಿನೊಂದಿಗೆ ನಡೆಯುತ್ತಿದೆ. ಹೊಸ ಆ್ಯಪ್ ಎದುರಿಸಬೇಕಾದದ್ದು ಕ್ರೋಮನ್ನಲ್ಲ, ಈ ಸ್ಕ್ರೀನ್‌ಶಾಟನ್ನು. ಇಂಥ ಒಂದು ರೂಮಿನ ಆರು ಜನ ಒಂದು ನೇಮಕಾತಿಯ ಅವಧಿಯಷ್ಟು ಕಾಲ ಆ್ಯಪ್ ಬಳಸಲು ಒಪ್ಪಿದರೆ ಕಟ್ಟಿದವರಿಗೆ ತಿಳಿಯುವುದು ಕಾಯುವ ಪಟ್ಟಿಯ ಐದು ಸಾವಿರದಿಂದ ತಿಳಿಯುವುದಿಲ್ಲ. ಪಿಡಿಎಫ್ ಮೇಲೆ ಗುರುತು ಹಾಕಲಾಗದಿದ್ದರೆ ಈ ಆ್ಯಪ್ ಇವರಿಗೆ ನಿಷ್ಪ್ರಯೋಜಕ ಎಂಬುದು ಮೊದಲ ಗಂಟೆಯಲ್ಲೇ ಗೊತ್ತಾಗುತ್ತದೆ. ಹಳೆಯ ಫಾಂಟಿನಲ್ಲಿ ಮಾಡಿದ ಸರ್ಕಾರಿ ಕಡತದಿಂದ ಕನ್ನಡ ಸಾಲನ್ನು ನಕಲು ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ ಎಂಬುದೂ ಗೊತ್ತಾಗುತ್ತದೆ. ಇಂಥವನ್ನು ಕೋರಮಂಗಲದ ಕಾಫಿ ಅಂಗಡಿಯಲ್ಲಿ ಕೂತು ಊಹಿಸಲಾಗದು.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ. ಒಂದು ರೂಮಿಗೆ ಹೊಂದಿಸಿ ಕತ್ತರಿಸಿದ ಅಂಗಿ ಇನ್ನೊಂದು ರೂಮಿಗೆ ಆದೀತೇ? ಪರೀಕ್ಷಾರ್ಥಿಗಳಿಗಾಗಿ ತಿದ್ದುತ್ತಾ ಹೋದರೆ ಕೊನೆಗೆ ಉಳಿಯುವುದು ಅಧಿಸೂಚನೆ ಓದುವ ಆ್ಯಪ್ ಮಾತ್ರ. ನಿಜ, ಈ ಅಪಾಯ ಇದೆ. ಆದರೆ ಎಲ್ಲರಿಗೂ ಎಂದು ಹೊಲಿದು ಯಾವ ರೂಮಿಗೂ ಆಗದ ಅಂಗಿಯ ಅಪಾಯ ಇದಕ್ಕಿಂತ ದೊಡ್ಡದು. ಫೇಸ್‌ಬುಕ್ 2004ರ ಫೆಬ್ರುವರಿಯಲ್ಲಿ ಹಾರ್ವರ್ಡ್ ವಿಳಾಸದ ಇಮೇಲ್ ಇದ್ದವರಿಗೆ ಮಾತ್ರ ತೆರೆದಿತ್ತು. ಒಂದು ಕ್ಯಾಂಪಸ್ ತುಂಬಿದ ಮೇಲೆ ಇನ್ನೊಂದಕ್ಕೆ ಹೋಯಿತು. ಅದರ ಮುಂದಿನ ಚರಿತ್ರೆಯ ಬಗ್ಗೆ ನನಗೆ ಗೌರವ ಕಡಿಮೆ, ಈ ಮೊದಲ ಹೆಜ್ಜೆಯ ಬಗ್ಗೆ ತಕರಾರಿಲ್ಲ. ಇನ್ನೊಂದು ದಾರಿಯೂ ಇದೆ. 2003ರಲ್ಲಿ ಜೋಶುವಾ ಶಾಕ್ಟರ್ ಶುರು ಮಾಡಿದ ‘ಡೆಲಿಷಿಯಸ್’ ಒಬ್ಬನೇ ಬಳಸಿದರೂ ಉಪಯುಕ್ತವಾಗಿತ್ತು. ನನ್ನ ಲಿಂಕುಗಳನ್ನು ನಾನು ಜೋಡಿಸಿಟ್ಟುಕೊಳ್ಳುತ್ತೇನೆ, ಬೇರೆಯವರು ನೋಡಿದರೆ ಅದು ಮೇಲಿನ ಲಾಭ. ಹಾಗೆ ಕಟ್ಟಬಲ್ಲವರು ಬಳಗ ಹುಡುಕುವ ಪಾಡನ್ನು ಮುಂದೂಡಬಹುದು. ತಪ್ಪಿಸಿಕೊಳ್ಳಲಾಗದು.

ಬಳಗವನ್ನು ಹುಡುಕಿದ ಮೇಲೆ ಅವರಿಂದ ನಾವು ಏನು ಕೇಳುತ್ತಿದ್ದೇವೆ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ಬ್ರೌಸರ್ ಪರೀಕ್ಷಿಸುವವನು ಬಿಡುವಿನ ವೇಳೆಯ ಜೊತೆಗೆ ತಾನು ಏನೇನು ಓದುತ್ತೇನೆ ಎಂಬುದನ್ನೂ ಕೊಡುತ್ತಾನೆ. ಯಾವ ಕಾಯಿಲೆಯ ಬಗ್ಗೆ ಹುಡುಕಿದ, ಯಾವ ಸಾಲದ ಬಡ್ಡಿ ನೋಡಿದ, ಮಧ್ಯರಾತ್ರಿ ಎಲ್ಲಿದ್ದ. 2007ರ ನವೆಂಬರಿನಲ್ಲಿ ಫೇಸ್‌ಬುಕ್ ‘ಬೀಕನ್’ ತಂದಾಗ ಬೇರೆ ತಾಣಗಳಲ್ಲಿ ಜನ ಕೊಂಡದ್ದೆಲ್ಲ ಗೆಳೆಯರಿಗೆ ಸುದ್ದಿಯಾಗಿ ಹೋಗತೊಡಗಿತು. ಹೆಂಡತಿಗೆ ಅಚ್ಚರಿ ಕೊಡಲೆಂದು ಒಬ್ಬ ಕೊಂಡ ವಜ್ರದುಂಗುರದ ಸುದ್ದಿ ಹೆಂಡತಿಗೂ ತಲುಪಿತು. ಮೊಕದ್ದಮೆ ನಡೆದು, ಬೀಕನ್ 2009ರಲ್ಲಿ ಮುಚ್ಚಿ, 95 ಲಕ್ಷ ಡಾಲರಿನ ರಾಜಿಯಾಯಿತು. ಇನ್ನೂ ಕೆಟ್ಟದ್ದು 2019ರ ಜನವರಿಯಲ್ಲಿ ಬಯಲಾದ ‘ಫೇಸ್‌ಬುಕ್ ರಿಸರ್ಚ್’. 13ರಿಂದ 35ರ ವಯಸ್ಸಿನವರಿಗೆ ತಿಂಗಳಿಗೆ 20 ಡಾಲರ್‌ವರೆಗೆ ಕೊಟ್ಟು, ಅವರ ಫೋನಿನಲ್ಲಿ ಓಡಾಡುವ ಮಾಹಿತಿಯನ್ನೆಲ್ಲ ನೋಡಬಲ್ಲ ಆ್ಯಪ್ ಹಾಕಿಸುತ್ತಿದ್ದರು. ಜನರನ್ನು ಸೇರಿಸಿದ್ದು ಬೀಟಾ ಪರೀಕ್ಷಕರನ್ನು ಒದಗಿಸುವ ಮಧ್ಯವರ್ತಿಗಳ ಮೂಲಕ. ಆ್ಯಪಲ್ ಪರವಾನಗಿ ಕಿತ್ತುಕೊಂಡ ಮೇಲೆ ಐಫೋನಿನಲ್ಲಿ ಅದು ನಿಂತಿತು.

ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿಯ ಕೋರಿಕೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲೂ ಓದಲು ಅವಕಾಶ ಇರಬೇಕು ಎನ್ನುತ್ತದೆ. ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂಪಡೆಯಲೂ ಬರಬೇಕು. ಸಪ್ತಾಪುರದ ಹುಡುಗಿಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ಆಯಿತು: ಯಾವ ಪುಟ ಯಾರಿಗೆ ಕಾಣುತ್ತದೆ, ಕಾಣದಂತೆ ಮಾಡುವುದು ಹೇಗೆ, ಪರೀಕ್ಷೆ ಮುಗಿದ ಮೇಲೆ ಯಾವುದು ಅಳಿಯುತ್ತದೆ, ತಂಡದಲ್ಲಿ ಯಾರಿಗೆ ಎಲ್ಲವೂ ಕಾಣುತ್ತದೆ. ಕೊನೆಯ ಸಾಲನ್ನು ಬರೆಯಲು ಬಹಳ ತಂಡಗಳು ತಡವರಿಸುತ್ತವೆ, ಏಕೆಂದರೆ ಉತ್ತರ ‘ನಮಗೆಲ್ಲರಿಗೂ’ ಎಂದಾಗಿರುತ್ತದೆ. ಹಾಗಿದ್ದರೆ ಪರೀಕ್ಷಕರನ್ನು ಕರೆಯುವ ಮೊದಲು ಅದನ್ನೇ ತಿದ್ದಬೇಕು.

ಸಂಭಾವನೆಯ ವಿಷಯದಲ್ಲಿ ನನಗೆ ಅರೆಮನಸ್ಸು. ದುಡ್ಡು ಕೊಟ್ಟರೆ ಜನ ಸುಳ್ಳು ಹೊಗಳುತ್ತಾರೆ. ಕೊಡದಿದ್ದರೆ ನಿರುದ್ಯೋಗಿ ಹುಡುಗರ ಹೊತ್ತನ್ನು ಪುಕ್ಕಟೆ ದುಡಿಸಿಕೊಂಡಂತೆ. ರೂಮಿನ ಒಂದು ತಿಂಗಳ ಡೇಟಾ ಖರ್ಚನ್ನು ಕೊಟ್ಟು, ಅಭಿಪ್ರಾಯ ಏನೇ ಇದ್ದರೂ ಅದು ಅವರದೇ ಎಂದು ಮೊದಲೇ ಹೇಳುವುದು ಮಧ್ಯದ ದಾರಿ ಇರಬಹುದು.

ಮುಂದಿನ ಬಳಗ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕಂಪ್ಯೂಟರಿಗೂ ಮೊದಲಿನ ಒಂದು ಅಧ್ಯಯನ ಉತ್ತರ ಹೇಳುತ್ತದೆ. ಬ್ರೈಸ್ ರಯನ್ ಮತ್ತು ನೀಲ್ ಗ್ರಾಸ್ ಎಂಬ ಇಬ್ಬರು ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ರೈತರ ನಡುವೆ ಹೇಗೆ ಹಬ್ಬಿತೆಂದು ವಿಚಾರಿಸಿ 1943ರಲ್ಲಿ ಬರೆದರು. ಬೀಜದ ಸುದ್ದಿಯನ್ನು ತಂದವರು ಹೆಚ್ಚಾಗಿ ಬೀಜ ಮಾರುವವರು. ನಂಬಿಸಿದವರು ಪಕ್ಕದ ಹೊಲದವರು. ಮೊದಮೊದಲು ಬಿತ್ತಿದವರೂ ಇಡೀ ಹೊಲಕ್ಕೆ ಹಾಕಲಿಲ್ಲ, ಒಂದು ತುಂಡು ನೆಲದಲ್ಲಿ ಹಾಕಿ ನೋಡಿದರು. ಹಾಗಾಗಿ ಆರು ಜನರ ರೂಮಿನಲ್ಲಿ ಪರೀಕ್ಷೆ ನಡೆಸುವವರು ಡೌನ್‌ಲೋಡಿನ ಅಂಕಿಯನ್ನು ಬದಿಗಿಟ್ಟು ಎರಡನ್ನು ಗಮನಿಸಲಿ. ಒಬ್ಬಳು ಪುಟದ ಅಂಚಿನಲ್ಲಿ ಬರೆದದ್ದಕ್ಕೆ, ಕಟ್ಟಿದವರು ನೆನಪಿಸದೆಯೇ, ಇನ್ನೊಬ್ಬ ಉತ್ತರಿಸುತ್ತಿದ್ದಾನೆಯೇ? ಪಕ್ಕದ ರೂಮಿನವರು ತಾವಾಗಿಯೇ ‘ಅದೇನದು, ನಮಗೂ ಹಾಕಿಕೊಡ್ರಿ’ ಎಂದು ಕೇಳಿದರೇ? ಎರಡಕ್ಕೂ ಇಲ್ಲ ಎಂಬ ಉತ್ತರ ಬಂದು, ತಿಂಗಳ ಕೊನೆಗೆ ಎಲ್ಲರೂ ಕೆಂಪು ಸುತ್ತಿನ ಸ್ಕ್ರೀನ್‌ಶಾಟಿಗೇ ಮರಳಿದ್ದರೆ, ಏಳನೆಯವರನ್ನು ಕರೆಯುವ ಮೊದಲು ಆ ಆರು ಜನರ ಬಳಿ ಕೂತು ವಾಟ್ಸ್ಯಾಪಿನಲ್ಲಿ ಸಾಲದ್ದು ಏನಾದರೂ ಇದೆಯೇ ಎಂದು ಕೇಳಬೇಕು. ಏನೂ ಇಲ್ಲ ಎಂದರೆ ಆ ಉತ್ತರವನ್ನೂ ಬರೆದುಕೊಳ್ಳಬೇಕು.